ಒದ್ದೆ ಡೈಪರ್ ಹೇಳುವ ಸುಳ್ಳು

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಈಗ ನಾಲ್ಕು ವರ್ಷ, ತೂಕ 14 ಕೆ.ಜಿ. ಅವನು ಹೊಟ್ಟೆಯಲ್ಲಿದ್ದಾಗ ಗರ್ಭನೀರು ವಿಪರೀತ ಇದೆ ಎಂದಿದ್ದರು, 32ನೇ ವಾರಕ್ಕೇ ಹೆರಿಗೆಯಾಯಿತು. ಹುಟ್ಟಿದಾಗಿನಿಂದ ಮೂತ್ರ ಜಾಸ್ತಿ, ವಾಂತಿ ಜಾಸ್ತಿ, ಮೈ ಹತ್ತುತ್ತಲೇ ಇರಲಿಲ್ಲ. ಒಂದೂವರೆ ವರ್ಷವಿದ್ದಾಗ ರಕ್ತದಲ್ಲಿ ಪೊಟ್ಯಾಸಿಯಂ ಬರೀ 2.3 ಇದೆ ಎಂದು ಗೊತ್ತಾಯಿತು. ಜೀನ್ ಪರೀಕ್ಷೆಯಲ್ಲಿ ಬಾರ್ಟರ್ ಸಿಂಡ್ರೋಮ್, ಟೈಪ್ 1 ಎಂದು ಬಂತು. ದಿನಕ್ಕೆ ನಾಲ್ಕು ಸಲ ಪೊಟ್ಯಾಸಿಯಂ ಸಿರಪ್, ಊಟದಲ್ಲಿ ಹೆಚ್ಚು ಉಪ್ಪು, ಜೊತೆಗೆ ಇಂಡೊಮೆಥಾಸಿನ್ ಕೊಡುತ್ತಿದ್ದೇವೆ. ಆದರೂ ಮೊನ್ನೆಯ ರಿಪೋರ್ಟಿನಲ್ಲಿ ಪೊಟ್ಯಾಸಿಯಂ 2.9. ಔಷಧ ಹಿಡಿಯುತ್ತಿಲ್ಲವೇ? ದಿನಕ್ಕೆ ಮೂರು ಲೀಟರ್ ನೀರು ಕುಡಿಯುತ್ತಾನೆ, ರಾತ್ರಿ ನಾಲ್ಕು ಸಲ ಏಳುತ್ತಾನೆ. ನೀರು ಕಡಿಮೆ ಮಾಡಿದರೆ ಮೂತ್ರವೂ ಕಡಿಮೆಯಾಗುತ್ತದೆ, ನೀವೇ ಅಭ್ಯಾಸ ಮಾಡಿಸಿದ್ದೀರಿ ಎನ್ನುತ್ತಾರೆ ನಮ್ಮತ್ತೆ. ಕಿಡ್ನಿ ಕಾಯಿಲೆಯವರಿಗೆ ಯಾರಾದರೂ ಉಪ್ಪು ಕೊಡುತ್ತಾರೆಯೇ ಎಂದು ನೆಂಟರೆಲ್ಲ ಕೇಳುತ್ತಾರೆ. ಇಂಡೊಮೆಥಾಸಿನ್ ನೋವಿನ ಮಾತ್ರೆ, ಕಿಡ್ನಿ ಕೆಡಿಸುತ್ತದೆ ಎಂದು ಪರಿಚಯದವರೊಬ್ಬರು ಹೆದರಿಸಿದ್ದಾರೆ. ಹೋದ ತಿಂಗಳು ಎರಡು ದಿನ ವಾಂತಿಭೇದಿಯಾಯಿತು. ಓಆರ್‌ಎಸ್ ಕುಡಿಸುತ್ತಿದ್ದೆವು, ಮೂತ್ರ ಚೆನ್ನಾಗಿಯೇ ಹೋಗುತ್ತಿತ್ತು, ಅದಕ್ಕೇ ಧೈರ್ಯವಾಗಿದ್ದೆವು. ಮೂರನೆಯ ಬೆಳಗ್ಗೆ ಕತ್ತು ನಿಲ್ಲದಷ್ಟು ಸುಸ್ತಾಗಿ ಎರಡು ದಿನ ಐಸಿಯುನಲ್ಲಿ ಇಡಬೇಕಾಯಿತು. ನಾವು ಎಲ್ಲಿ ತಪ್ಪಿದೆವು? ಇನ್ನೊಂದು ಮಗುವಿನ ಯೋಚನೆಯೂ ಇದೆ. ಅದಕ್ಕೂ ಇದು ಬರುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ನಾನು ಶುರು ಮಾಡುವುದು ನೀವು ಪ್ರಶ್ನೆಯಾಗಿ ಕೇಳದೆ, ನಡುವೆ ಹೇಳಿ ಮುಂದೆ ಹೋದ ಮಾತಿನಿಂದ. "ಮೂತ್ರ ಚೆನ್ನಾಗಿಯೇ ಹೋಗುತ್ತಿತ್ತು, ಅದಕ್ಕೇ ಧೈರ್ಯವಾಗಿದ್ದೆವು." ಉಳಿದ ಪ್ರಶ್ನೆಗಳನ್ನು ನಿಧಾನವಾಗಿ ಯೋಚಿಸಬಹುದು. ಇದು ಮಾತ್ರ ಮುಂದಿನ ಸಲ ಭೇದಿ ಶುರುವಾದಾಗ ಕೆಲವೇ ಗಂಟೆಗಳ ಪ್ರಶ್ನೆ.

ವಾಂತಿಭೇದಿಯಾದ ಮಗುವನ್ನು ಕರೆತಂದರೆ ಡಾಕ್ಟರುಗಳು ಮೊದಲು ಕೇಳುವುದೇ "ಮೂತ್ರ ಮಾಡಿತಾ?" ಎಂದು. ಆರೋಗ್ಯವಂತ ಮಗುವಿನ ಮಟ್ಟಿಗೆ ಅದು ಒಳ್ಳೆಯ ಪ್ರಶ್ನೆ. ಮೈಯಲ್ಲಿ ನೀರು ಕಡಿಮೆಯಾದ ಕೂಡಲೇ ಕಿಡ್ನಿ ನಲ್ಲಿ ತಿರುಗಿಸಿ ಮೂತ್ರವನ್ನು ಬಿಗಿ ಹಿಡಿಯುತ್ತದೆ. ಡೈಪರ್ ಆರೆಂಟು ಗಂಟೆ ಒಣಗಿದ್ದರೆ ಮಗು ಬಾಡುತ್ತಿದೆ ಎಂದರ್ಥ, ಒದ್ದೆಯಿದ್ದರೆ ಸದ್ಯಕ್ಕೆ ಪರವಾಗಿಲ್ಲ ಎಂದರ್ಥ. ನಿಮ್ಮ ಮಗನ ಕಿಡ್ನಿಗೆ ಆ ನಲ್ಲಿ ತಿರುಗಿಸುವುದು ಬರುವುದಿಲ್ಲ. ಮೈ ಒಣಗುತ್ತಿದ್ದರೂ ಅದು ಸುರಿಸುತ್ತಲೇ ಇರುತ್ತದೆ. ಹಾಗಾಗಿ ಅವನ ವಿಷಯದಲ್ಲಿ ಒದ್ದೆ ಡೈಪರ್ ಏನನ್ನೂ ಹೇಳುವುದಿಲ್ಲ, ಹೇಳಿದರೂ ಸುಳ್ಳು ಹೇಳುತ್ತದೆ. ನೀವು ತಪ್ಪಿದ್ದು ಅಷ್ಟೇ. ಇದನ್ನು ಯಾರೂ ನಿಮಗೆ ಬಿಡಿಸಿ ಹೇಳಿರಲಿಲ್ಲ ಎಂದ ಮೇಲೆ ಅದನ್ನು ನಿಮ್ಮ ತಪ್ಪು ಎನ್ನುವುದೂ ಸರಿಯಲ್ಲ. ಈ ಕಾಯಿಲೆಯನ್ನು ಹೆಚ್ಚು ಕಂಡಿರದ ಡಾಕ್ಟರುಗಳೂ ಇಲ್ಲಿ ಮೋಸಹೋಗುತ್ತಾರೆ.

ನಲ್ಲಿ ಏಕೆ ಕೆಟ್ಟಿದೆ ಎಂದು ತಿಳಿದುಕೊಂಡರೆ ನಿಮ್ಮ ಅತ್ತೆಯವರ ಮಾತಿಗೂ ನೆಂಟರ ಮಾತಿಗೂ ಉತ್ತರ ಅಲ್ಲೇ ಸಿಗುತ್ತದೆ. ದೊಡ್ಡವರ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ನಿಮ್ಮ ಮಗನ ಗಾತ್ರದ ಮಗುವಿನಲ್ಲಿ ಇದು ಹತ್ತಿರಹತ್ತಿರ 50 ಲೀಟರ್. ಸೋಸಿದ್ದರಲ್ಲಿ ನೂರಕ್ಕೆ 99 ಪಾಲನ್ನು ಕಿಡ್ನಿಯ ಸಣ್ಣ ಸಣ್ಣ ನಾಳಗಳು ಮತ್ತೆ ಹೀರಿಕೊಂಡು ರಕ್ತಕ್ಕೆ ಸೇರಿಸುತ್ತವೆ, ಉಳಿದ ಚೂರು ಮೂತ್ರವಾಗುತ್ತದೆ. ಆ ನಾಳದ ದಾರಿಯಲ್ಲಿ ಒಂದು ಕಡೆ, ಹೆನ್ಲೆಯ ಕುಣಿಕೆ ಎಂಬ ಬಾಗು ಮೇಲಕ್ಕೆ ಏರುವ ದಪ್ಪ ಭಾಗದಲ್ಲಿ, ಸೋಸಿದ ಉಪ್ಪಿನ ಸುಮಾರು ಕಾಲು ಭಾಗ ವಾಪಸ್ ಬರಬೇಕು. ಅದನ್ನು ಎಳೆದುಕೊಳ್ಳುವ ಪಂಪಿನಂಥ ಒಂದು ಪ್ರೋಟೀನ್ ಅಲ್ಲಿದೆ. ಅದರ ನಕ್ಷೆ ಇರುವುದು ಎಸ್‌ಎಲ್‌ಸಿ12ಎ1 ಎಂಬ ಜೀನಿನಲ್ಲಿ. ಟೈಪ್ 1 ಎಂದರೆ ಆ ಜೀನಿನಲ್ಲಿ ದೋಷ. ಕಾಯಿಲೆಯನ್ನು ಫ್ರೆಡ್ರಿಕ್ ಬಾರ್ಟರ್ 1962ರಲ್ಲೇ ವಿವರಿಸಿದ್ದರೂ ಈ ಜೀನಿನ ನಂಟು ಗೊತ್ತಾಗಿದ್ದು 1996ರಲ್ಲಿ.

ತಂದೆತಾಯಿಯರಿಗೆ ನಾನು ಕೊಡುವ ಹೋಲಿಕೆ ಒಂದಿದೆ. ಹೃದಯ ಸೋತು ಕಾಲು ಊದಿಕೊಂಡವರಿಗೆ ನೀರು ಇಳಿಯಲೆಂದು ಫ್ಯುರೋಸೆಮೈಡ್ ಮಾತ್ರೆ ಕೊಡುತ್ತೇವೆ. ನುಂಗಿದ ಗಂಟೆಯೊಳಗೆ ಅವರು ಶೌಚಾಲಯಕ್ಕೆ ಓಡಾಡಲು ಶುರುಮಾಡುತ್ತಾರೆ. ಆ ಮಾತ್ರೆ ಕಟ್ಟಿಹಾಕುವುದು ಇದೇ ಪಂಪನ್ನು. ನಿಮ್ಮ ಮಗ ಗರ್ಭದಲ್ಲಿದ್ದಾಗಿನಿಂದಲೇ ಆ ಮಾತ್ರೆ ನುಂಗಿದವನಂತೆ ಇದ್ದಾನೆ, ಹಗಲೂ ರಾತ್ರಿ, ಒಂದು ದಿನವೂ ಬಿಡದೆ. ಗರ್ಭನೀರು ತುಂಬಿಕೊಂಡಿದ್ದೂ ಅದರಿಂದಲೇ. ಗರ್ಭನೀರಿನ ಬಹುಭಾಗ ಮಗುವಿನ ಮೂತ್ರವೇ ಅಲ್ಲವೇ?

ಪಂಪ್ ಕೆಟ್ಟಾಗ ಒಂದರ ಹಿಂದೆ ಒಂದರಂತೆ ಮೂರು ನಷ್ಟಗಳಾಗುತ್ತವೆ. ಮೊದಲು ಉಪ್ಪು ಹೋಗುತ್ತದೆ. ಕಿಡ್ನಿಯ ಒಳಭಾಗವನ್ನು ಉಪ್ಪುಪ್ಪಾಗಿಟ್ಟು ಮೂತ್ರವನ್ನು ಗಟ್ಟಿಮಾಡಲು ನೆರವಾಗುತ್ತಿದ್ದುದೂ ಇದೇ ಪಂಪ್ ಆದ್ದರಿಂದ, ಉಪ್ಪಿನ ಹಿಂದೆಯೇ ನೀರು ಹೋಗುತ್ತದೆ. ಉಪ್ಪು ಸೋರುವುದನ್ನು ಕಂಡು ಗಾಬರಿಗೊಂಡ ದೇಹ ಆಲ್ಡೊಸ್ಟಿರೋನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದು ನಾಳದ ಕೊನೆಯಲ್ಲಿ ನಿಂತು ಉಪ್ಪಿನಲ್ಲಿರುವ ಸೋಡಿಯಂ, ಕ್ಲೋರೈಡ್ ಎರಡರಲ್ಲಿ ಸೋಡಿಯಂ ಅನ್ನು ಅಷ್ಟಿಷ್ಟು ಉಳಿಸಿಕೊಳ್ಳುತ್ತದೆ, ಬದಲಿಗೆ ಪೊಟ್ಯಾಸಿಯಂ ಮತ್ತು ಆಮ್ಲವನ್ನು ತೆತ್ತುಬಿಡುತ್ತದೆ. ಪೊಟ್ಯಾಸಿಯಂ ಇಳಿಯುವುದೂ ರಕ್ತ ಕ್ಷಾರವಾಗುವುದೂ ಈ ಕೊನೆಯ ಹಂತದಲ್ಲಿ. ರಿಪೋರ್ಟಿನಲ್ಲಿ ಕೆಂಪಕ್ಷರದಲ್ಲಿ ಕಾಣುವುದು ಪೊಟ್ಯಾಸಿಯಂ, ಅದಕ್ಕೇ ಎಲ್ಲರ ಕಣ್ಣೂ ಅದರ ಮೇಲೆ. ಮೂಲ ಸೋರಿಕೆ ಮಾತ್ರ ಉಪ್ಪಿನದು. ಉಪ್ಪನ್ನು ಮರೆತು ಪೊಟ್ಯಾಸಿಯಂ ಮಾತ್ರ ಸುರಿಯುತ್ತಾ ಹೋದರೆ ತೂತುಕೊಡಕ್ಕೆ ನೀರು ಹೊಯ್ದಂತೆ.

ಈಗ ನೀರಿನ ಮಾತು. ಬರೀ ಅಭ್ಯಾಸದಿಂದ ವಿಪರೀತ ನೀರು ಕುಡಿಯುವ ಮಕ್ಕಳಿದ್ದಾರೆ, ಅತ್ತೆಯವರು ಅಂಥ ಮಗುವನ್ನು ಕಂಡಿರಲೂಬಹುದು. ಆ ಮಕ್ಕಳ ಕಿಡ್ನಿ ಸರಿಯಿರುತ್ತದೆ, ನೀರು ತಗ್ಗಿಸಿದರೆ ಮೂತ್ರವೂ ತಗ್ಗುತ್ತದೆ. ನಿಮ್ಮ ಮಗನಲ್ಲಿ ಕಥೆ ತಿರುಗಾಮುರುಗ. ಮೂತ್ರ ಮುಂದೆ, ಬಾಯಾರಿಕೆ ಹಿಂದೆ. ನೀರಿನ ಬಾಟಲಿ ಎತ್ತಿಟ್ಟರೆ ಮೂತ್ರ ಅದೇ ವೇಗದಲ್ಲಿ ಹೋಗುತ್ತಿರುತ್ತದೆ, ಒಣಗುವುದು ಮಗು. ರಾತ್ರಿ ಏಳುವುದು ಮಗುವಿಗೂ ನಿಮಗೂ ಹಿಂಸೆ ನಿಜ. ಆದರೂ ಮಂಚದ ಪಕ್ಕ ನೀರು ಇರಲೇಬೇಕು. "ಇವತ್ತೊಂದು ರಾತ್ರಿ ನೀರು ಕೊಡದೆ ನೋಡೋಣ" ಎಂಬ ಪ್ರಯೋಗವನ್ನು ಮನೆಯಲ್ಲಿ ಯಾವ ಕಾರಣಕ್ಕೂ ಮಾಡಬೇಡಿ. ಅಂಥ ಪರೀಕ್ಷೆ ಆಸ್ಪತ್ರೆಯಲ್ಲಿ ಮಾಡುವಾಗಲೂ ನಾವು ಮಗುವಿನ ಪಕ್ಕದಿಂದ ಕದಲುವುದಿಲ್ಲ.

ಉಪ್ಪಿನ ಬಗ್ಗೆ ನೆಂಟರು ಹೇಳುವುದು ಬೇರೆ ಕಿಡ್ನಿ ಕಾಯಿಲೆಗಳಿಗೆ ಸರಿಯಾದ ಮಾತು. ಮುಖ ಕಾಲು ಊದಿಕೊಳ್ಳುವ ನೆಫ್ರೊಟಿಕ್ ಸಿಂಡ್ರೋಮಿನಲ್ಲಿ, ರಕ್ತದೊತ್ತಡ ಏರಿದ ಕಿಡ್ನಿ ವೈಫಲ್ಯದಲ್ಲಿ ದೇಹ ಉಪ್ಪನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಉಪ್ಪು ಬಿಡಿಸುವುದು ಚಿಕಿತ್ಸೆ. ಬಾರ್ಟರ್ ಇದರ ತದ್ವಿರುದ್ಧ. ಬಿಪಿ ಸಾಧಾರಣವಾಗಿ ತಗ್ಗಿನ ಕಡೆಗೇ ಇರುತ್ತದೆ. ಪ್ರಮಾಣ ಕೇಳಿದರೆ ಹೌಹಾರುತ್ತೀರಿ. ಬಾರ್ಟರ್ ಮಕ್ಕಳಿಗೆ ಸಾಮಾನ್ಯವಾಗಿ ಸೂಚಿಸುವುದು ಕೆ.ಜಿ. ತೂಕಕ್ಕೆ ದಿನಕ್ಕೆ 5ರಿಂದ 10 ಮಿಲಿಮೋಲ್ ಉಪ್ಪು. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸುಮಾರು 17 ಮಿಲಿಮೋಲ್ ಇರುವುದರಿಂದ, 14 ಕೆ.ಜಿ. ಮಗುವಿಗೆ 4ರಿಂದ 8 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಮೀರಬೇಡಿ ಎನ್ನುತ್ತದೆ! ಈ ಮಕ್ಕಳಲ್ಲಿ ಹಲವರು ಅಡುಗೆಮನೆಗೆ ನುಗ್ಗಿ ಉಪ್ಪಿನ ಡಬ್ಬಿಗೆ ಬೆರಳದ್ದಿ ನೆಕ್ಕುತ್ತಾರೆ. ಕಾಯಿಲೆ ಪತ್ತೆಯಾಗುವ ಮೊದಲು ಅದಕ್ಕೆ ಏಟು ತಿಂದ ಮಕ್ಕಳನ್ನೂ ನೋಡಿದ್ದೇನೆ. ಅದು ತುಂಟತನವಾಗಿರಲಿಲ್ಲ, ಮೈ ಕೇಳುತ್ತಿತ್ತು.

ಆದರೆ ಟೈಪ್ 1 ಎಂದು ನೀವು ಬರೆದಿರುವುದರಿಂದ ಇಲ್ಲೊಂದು ತಡೆ ಹಾಕಲೇಬೇಕು. ಟೈಪ್ 1 ಮತ್ತು 2ರ ಕೆಲವು ಮಕ್ಕಳಲ್ಲಿ ಮೂತ್ರ ಯಾವಾಗಲೂ ನೀರಿನಷ್ಟೇ ತೆಳ್ಳಗಿರುತ್ತದೆ, ರಕ್ತಕ್ಕಿಂತಲೂ ತೆಳು. ನೀರು ಹಿಡಿದಿಡುವ ಶಕ್ತಿಯೇ ಇಲ್ಲದ ಈ ಸ್ಥಿತಿ ನೆಫ್ರೋಜೆನಿಕ್ ಡಯಾಬಿಟಿಸ್ ಇನ್ಸಿಪಿಡಸ್ ಎಂಬ ಇನ್ನೊಂದು ವಂಶಪಾರಂಪರ್ಯ ಕಾಯಿಲೆಯನ್ನು ಹೋಲುತ್ತದೆ. ಹೆಸರಿನಲ್ಲಿ ಡಯಾಬಿಟಿಸ್ ಇದ್ದರೂ ಸಕ್ಕರೆ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಅಂಥ ಮಗುವಿಗೆ ಕೊಟ್ಟ ಪ್ರತಿ ಚಿಟಿಕೆ ಉಪ್ಪನ್ನೂ ಹೊರಹಾಕಲು ಕಿಡ್ನಿ ಇನ್ನಷ್ಟು ನೀರು ಖರ್ಚು ಮಾಡುತ್ತದೆ. ಲೆಕ್ಕ ಹೀಗಿದೆ: ಒಂದು ಲೀಟರ್ ನಾರ್ಮಲ್ ಸಲೈನ್, ಅಂದರೆ ಉಪ್ಪುನೀರಿನ, ಡ್ರಿಪ್‌ನಲ್ಲಿ ಕರಗಿರುವ ಕಣಗಳು 308 ಮಿಲಿಆಸ್ಮೋಲ್ (ಕರಗಿದ ಕಣಗಳನ್ನು ಎಣಿಸುವ ಅಳತೆ). ಮೂತ್ರ ಲೀಟರಿಗೆ 100ನ್ನು ಮಾತ್ರ ಹೊರಬಲ್ಲದು ಎಂದಿಟ್ಟುಕೊಳ್ಳಿ. ಒಂದು ಲೀಟರ್ ಸಲೈನ್ ಒಳಗೆ ಹೋದರೆ ಆ ಉಪ್ಪನ್ನು ಹೊರಗೆ ಸಾಗಿಸಲು ಮೂರು ಲೀಟರ್ ಮೂತ್ರ ಬೇಕು. ಉಳಿದ ಎರಡು ಲೀಟರ್ ನೀರು ಮಗುವಿನ ಮೈಯಿಂದಲೇ ಹೋಗಬೇಕು. ನೀರು ಏರಿಸಿದಷ್ಟೂ ಮಗು ಒಣಗುವ ವಿಚಿತ್ರ ಇದು.

ಆದ್ದರಿಂದ ಉಪ್ಪು ಬೇಕೇ ಎಂಬುದನ್ನು ಕಾಯಿಲೆಯ ಹೆಸರೊಂದರಿಂದ ತೀರ್ಮಾನಿಸಲಾಗದು. ಮಗನ ರಕ್ತದ ಸೋಡಿಯಂ ಎಷ್ಟಿದೆ, ಮೂತ್ರದ ಆಸ್ಮೊಲಾಲಿಟಿ, ಅಂದರೆ ಗಟ್ಟಿತನ, ಎಷ್ಟಿದೆ ಎಂದು ನಿಮ್ಮ ತಜ್ಞರನ್ನು ಕೇಳಿ. ಸೋಡಿಯಂ 135ರಿಂದ 145ರ ನಡುವೆ ಅಥವಾ ಅದಕ್ಕಿಂತ ತಗ್ಗಿದ್ದರೆ ಉಪ್ಪು ಅವನಿಗೆ ಔಷಧ. ಸೋಡಿಯಂ 145 ದಾಟಿ ಏರುತ್ತಿದ್ದು ಮೂತ್ರ ತೀರಾ ತೆಳ್ಳಗಿದ್ದರೆ ಉಪ್ಪು ಹಾನಿ. ಅಲ್ಲಿ ಬೇಕಾಗುವುದು ಬರೀ ನೀರು. ಪತ್ರದಲ್ಲಿ ಸೋಡಿಯಂ ಎಷ್ಟೆಂದು ನೀವು ಬರೆದಿಲ್ಲ. ಪೊಟ್ಯಾಸಿಯಂಗಿಂತ ಮೊದಲು ನಾನು ಹುಡುಕಿದ್ದು ಅದನ್ನೇ.

ಇನ್ನು 2.9ರ ಚಿಂತೆ. ಲ್ಯಾಬ್ ರಿಪೋರ್ಟಿನಲ್ಲಿ 3.5ರಿಂದ 5 ಎಂದು ಅಚ್ಚಾಗಿರುವುದು ಪಂಪ್ ಸರಿಯಿರುವವರ ಅಳತೆ. ಬಾರ್ಟರ್ ಮಗುವನ್ನು ಎಳೆದುತಂದು 3.5ಕ್ಕೆ ನಿಲ್ಲಿಸಲು ಹೊರಟರೆ ಸಿರಪ್ಪಿನ ಪ್ರಮಾಣ ಹೊಟ್ಟೆ ತಡೆಯಲಾರದಷ್ಟಾಗುತ್ತದೆ. ವಾಂತಿಯಾಗುತ್ತದೆ, ವಾಂತಿಯಲ್ಲಿ ಕ್ಲೋರೈಡ್ ಹೋಗುತ್ತದೆ, ಕ್ಲೋರೈಡ್ ಹೋದರೆ ಪೊಟ್ಯಾಸಿಯಂ ಮತ್ತೆ ಇಳಿಯುತ್ತದೆ. ಯುರೋಪಿನ ಅಪರೂಪದ ಕಿಡ್ನಿ ಕಾಯಿಲೆಗಳ ತಜ್ಞರ ಜಾಲ 2021ರಲ್ಲಿ ಕೊಟ್ಟ ಸಲಹೆಯಲ್ಲೂ 3.0ರ ಆಸುಪಾಸನ್ನು ಸಮಂಜಸ ಗುರಿ ಎಂದೇ ಹೇಳಿದೆ. ಮಗು ಆಡಿಕೊಂಡಿದ್ದರೆ, ಉದ್ದ ತೂಕ ಏರುತ್ತಿದ್ದರೆ, ಕಾಲಿನಲ್ಲಿ ಬಲವಿದ್ದರೆ 2.9ಕ್ಕೆ ನಾನು ತಲೆಬಿಸಿ ಮಾಡಿಕೊಳ್ಳುವುದಿಲ್ಲ. ಅದೇ ಮಗು ಮೆಟ್ಟಿಲು ಹತ್ತಲು ಒದ್ದಾಡಿದರೆ, ಎದೆ ಢವಢವ ಎನ್ನುತ್ತದೆ ಎಂದರೆ, ತಲೆಸುತ್ತಿ ಬಿದ್ದರೆ, ಆಗ ಅಂಕಿ ಎಷ್ಟೇ ಇರಲಿ, ಅಂದೇ ಇಸಿಜಿ ಆಗಬೇಕು.

ಆ 2.9 ಹೇಗೆ ಬಂತು ಎಂಬುದೂ ಮುಖ್ಯ. ಸಿರಪ್ ಕುಡಿದ ಗಂಟೆಗೆ ರಕ್ತ ತೆಗೆದರೆ ಒಂದು ಅಂಕಿ, ಮುಂದಿನ ಡೋಸಿಗೆ ಸ್ವಲ್ಪ ಮುಂಚೆ ತೆಗೆದರೆ ಇನ್ನೊಂದು. ಪ್ರತಿಸಲ ಒಂದೇ ಹೊತ್ತಿಗೆ ತೆಗೆಸಿ, ಡೋಸಿಗೆ ಮುಂಚೆಯಾದರೆ ಇನ್ನೂ ಒಳ್ಳೆಯದು. ಮಗು ರಂಪ ಮಾಡುವಾಗ ಬೆರಳು ಹಿಂಡಿ ಹಿಂಡಿ ತೆಗೆದ ರಕ್ತದಲ್ಲಿ ಕೆಂಪುಕಣಗಳು ಒಡೆದು ಪೊಟ್ಯಾಸಿಯಂ ಸುಳ್ಳುಸುಳ್ಳೇ ಏರಿದಂತೆ ಕಾಣಿಸುತ್ತದೆ. "ಈ ಸಲ 4.2, ಗೆದ್ದೆವು" ಎಂದು ಖುಷಿಪಟ್ಟ ಮನೆಯವರಿಗೆ ಮರುದಿನದ ಸರಿಯಾದ ಸ್ಯಾಂಪಲ್ಲಿನಲ್ಲಿ 2.8 ಬಂದದ್ದುಂಟು.

ಸಿರಪ್ ವಾಂತಿಯಾಗುವುದಕ್ಕೆ ಉಪಾಯಗಳಿವೆ. ನಾಲ್ಕು ದೊಡ್ಡ ಡೋಸನ್ನು ಆರು ಸಣ್ಣ ಡೋಸಾಗಿ ಒಡೆಯಬಹುದು, ದಿನದ ಒಟ್ಟು ಮೊತ್ತ ಅಷ್ಟೇ ಇರಲಿ. ಚೆನ್ನಾಗಿ ತೆಳುಮಾಡಿ ಊಟದ ಜೊತೆ ಅಥವಾ ಊಟವಾದ ಮೇಲೆ ಕೊಡಿ. ಒಂದು ಡೋಸ್ ತಪ್ಪಿದರೆ ಮುಂದಿನದನ್ನು ಇಮ್ಮಡಿ ಮಾಡಬೇಡಿ. ತಗ್ಗಿರುವ ಪೊಟ್ಯಾಸಿಯಂ ಎಷ್ಟು ಅಪಾಯವೋ ಒಮ್ಮೆಗೇ ನುಗ್ಗುವ ಪೊಟ್ಯಾಸಿಯಂ ಹೃದಯಕ್ಕೆ ಅಷ್ಟೇ ಅಪಾಯ. ಏನು ಮಾಡಿದರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ತೂಕವೂ ಏರುತ್ತಿಲ್ಲ ಎಂದಾದರೆ ಮೂಗಿನ ಮೂಲಕ ಅಥವಾ ನೇರ ಹೊಟ್ಟೆಗೆ ಹಾಕುವ ಆಹಾರದ ನಳಿಕೆಯ ಮಾತು ಬರುತ್ತದೆ. ತಾಯಂದಿರು ಅದನ್ನು ಸೋಲು ಎಂದುಕೊಳ್ಳುತ್ತಾರೆ. ನಳಿಕೆ ಹಾಕಿದ ಮೇಲೆ ರಾತ್ರಿಯಿಡೀ ನಿಧಾನವಾಗಿ ನೀರು, ಆಹಾರ ಹರಿಸಿ, ವರ್ಷಗಳ ನಂತರ ಮೊದಲ ಸಲ ಮನೆಯವರೆಲ್ಲ ಬೆಳಗಿನವರೆಗೆ ನಿದ್ದೆ ಮಾಡಿದ್ದನ್ನೂ ಕೇಳಿದ್ದೇನೆ.

ಬಾಟಲಿಯ ಮೇಲಿನ ಹೆಸರನ್ನು ಪ್ರತಿಸಲವೂ ಓದಿ. ನಿಮ್ಮ ಮಗನಿಗೆ ಬೇಕಾದದ್ದು ಪೊಟ್ಯಾಸಿಯಂ ಕ್ಲೋರೈಡ್. ಅದರ ಪಕ್ಕದಲ್ಲೇ ಪೊಟ್ಯಾಸಿಯಂ ಸಿಟ್ರೇಟ್ ಇರುತ್ತದೆ, ರುಚಿಯಲ್ಲಿ ವಾಸಿ, ಮಕ್ಕಳು ಗಲಾಟೆಯಿಲ್ಲದೆ ಕುಡಿಯುತ್ತಾರೆ. ಸಿಟ್ರೇಟ್ ಮೈಯೊಳಗೆ ಕ್ಷಾರವಾಗುತ್ತದೆ, ಈ ಮಗುವಿನ ರಕ್ತವೋ ಆಗಲೇ ಕ್ಷಾರ. ನನ್ನ ಬಳಿ ಬರುತ್ತಿದ್ದ ಒಬ್ಬಳು ಹುಡುಗಿ ಮೂರು ತಿಂಗಳಲ್ಲಿ ಕಾರಣವಿಲ್ಲದೆ ಸೊರಗಿದಳು. ಔಷಧ ತಪ್ಪಿಸಿಲ್ಲ ಎಂದು ತಂದೆ ಆಣೆ ಮಾಡಿದರು. ಬಾಟಲಿ ತರಿಸಿ ನೋಡಿದರೆ ಸಿಟ್ರೇಟ್! ಕ್ಲೋರೈಡ್ ಸಿಗಲಿಲ್ಲವೆಂದು ಅಂಗಡಿಯಲ್ಲಿ ಅದನ್ನು ಕೊಟ್ಟಿದ್ದರು, "ಎರಡೂ ಪೊಟ್ಯಾಸಿಯಮ್ಮೇ" ಎಂದು. ಹಣ್ಣಿನಿಂದ ಪೊಟ್ಯಾಸಿಯಂ ತುಂಬಿಸಬಹುದೇ ಎಂದು ಕೇಳುವವರಿಗೂ ಇದೇ ಉತ್ತರ. ಹಣ್ಣು ತಿನ್ನಲಿ, ಒಳ್ಳೆಯದು. ಅದರಲ್ಲಿ ಪೊಟ್ಯಾಸಿಯಂ ಇದ್ದರೂ ಕ್ಲೋರೈಡ್ ಜೊತೆಗಿರುವುದು ತೀರಾ ಕಡಿಮೆ, ಸಿರಪ್ಪಿನ ಜಾಗವನ್ನು ಅದು ತುಂಬಲಾರದು.

ಇಂಡೊಮೆಥಾಸಿನ್ ಬಗ್ಗೆ ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಅದು ನೋವಿನ ಮಾತ್ರೆಗಳ ಗುಂಪಿನದೇ. ಬಾರ್ಟರ್ ಮಕ್ಕಳ ಕಿಡ್ನಿಯಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಅತಿಯಾಗಿ ತಯಾರಾಗುತ್ತದೆ, ಅದು ಉಪ್ಪು ನೀರಿನ ಸೋರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇಂಡೊಮೆಥಾಸಿನ್ ಅದಕ್ಕೆ ಕಡಿವಾಣ. ಮೂತ್ರ ತಗ್ಗುತ್ತದೆ, ಪೊಟ್ಯಾಸಿಯಂ ಏರುತ್ತದೆ, ಮಗು ಬೆಳೆಯಲು ಶುರುಮಾಡುತ್ತದೆ. ಟೈಪ್ 1ರ ಪುಟ್ಟ ಮಕ್ಕಳಲ್ಲಿ ಈ ಬದಲಾವಣೆ ವಾರಗಳಲ್ಲೇ ಕಣ್ಣಿಗೆ ಕಾಣುವಂತಿರುತ್ತದೆ. ಬೆಲೆಯೂ ಇದೆ: ಹೊಟ್ಟೆಹುಣ್ಣು, ಕರುಳಿನಲ್ಲಿ ರಕ್ತ, ಕಿಡ್ನಿ ಸೋಸುವ ಶಕ್ತಿ ಕುಗ್ಗುವುದು. ಅದಕ್ಕೇ ಆಮ್ಲ ತಗ್ಗಿಸುವ ಔಷಧ ಜೊತೆಗಿರಬೇಕು, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಾಗ ನೋಡುತ್ತಿರಬೇಕು. ಮಲ ಡಾಂಬರಿನಂತೆ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ ಬರಬೇಕು.

ಅತಿ ಹೆಚ್ಚು ಅಪಾಯ ಇರುವುದು ವಾಂತಿಭೇದಿಯ ದಿನಗಳಲ್ಲಿ. ಮೈ ಒಣಗಿದಾಗ ಕಿಡ್ನಿಗೆ ಹರಿಯುವ ರಕ್ತವನ್ನು ಕಾಪಾಡುವುದು ಅದೇ ಪ್ರೊಸ್ಟಗ್ಲಾಂಡಿನ್. ಆ ಹೊತ್ತಿನಲ್ಲಿ ಅದನ್ನು ತಡೆದರೆ ಕಿಡ್ನಿ ಒಂದೆರಡು ದಿನದಲ್ಲೇ ಕೈಕೊಡಬಹುದು. ಹಾಗಾಗಿ ಜೋರಾಗಿ ವಾಂತಿಭೇದಿಯಾಗುವಾಗ ಇಂಡೊಮೆಥಾಸಿನ್ ನಿಲ್ಲಿಸಿ, ನೀರಿನಂಶ ಸರಿಹೋದ ಮೇಲೆ ಮತ್ತೆ ಆರಂಭಿಸುವುದು ಸಾಮಾನ್ಯ ಕ್ರಮ. ಯಾವಾಗ ನಿಲ್ಲಿಸಬೇಕು, ಯಾವಾಗ ಶುರುಮಾಡಬೇಕು ಎಂದು ನಿಮ್ಮ ತಜ್ಞರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್ ಕೊಟ್ಟರೆ ಒಂದೇ ಜಾತಿಯ ಎರಡು ಮಾತ್ರೆ ಕೊಟ್ಟಂತಾಗುತ್ತದೆ.

ಸರಿ, ಮತ್ತೆ ಭೇದಿ ಶುರುವಾಯಿತು ಎಂದಿಟ್ಟುಕೊಳ್ಳಿ. ಡೈಪರ್ ನಂಬುವಂತಿಲ್ಲ ಎಂದ ಮೇಲೆ ಯಾವುದನ್ನು ನಂಬಬೇಕು? ತೂಕದ ಯಂತ್ರವನ್ನು. ಒಂದೆರಡು ದಿನದಲ್ಲಿ ಮಗು ಕಳೆದುಕೊಳ್ಳುವ ತೂಕ ಬಹುತೇಕ ನೀರೇ, ಒಂದು ಕೆ.ಜಿ. ಎಂದರೆ ಒಂದು ಲೀಟರ್. 50 ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ಯಂತ್ರ ಸಾಕು. ಮಗು ಚೆನ್ನಾಗಿರುವಾಗಲೇ ವಾರಕ್ಕೆರಡು ಸಲ, ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಬರೀ ಚಡ್ಡಿಯಲ್ಲಿ ತೂಗಿ ಬರೆದಿಡಿ. ಕಾಯಿಲೆ ಬಿದ್ದ ದಿನ ಆರು ಗಂಟೆಗೊಮ್ಮೆ ತೂಗಿ. 14 ಕೆ.ಜಿ.ಯ ಮಗು 700 ಗ್ರಾಂ ಇಳಿದರೆ ನೂರಕ್ಕೆ ಐದರಷ್ಟು ಒಣಗಿದೆ. ಅಲ್ಲಿಯವರೆಗೂ ಕಾಯಬೇಡಿ, 400 ಗ್ರಾಂ ಇಳಿದಾಗಲೇ ಹೊರಡಿ ಎನ್ನುವುದು ನನ್ನ ರೂಢಿ. 1.4 ಕೆ.ಜಿ. ಇಳಿದರೆ ಅದು ಪ್ರಾಣಾಪಾಯದ ಮಟ್ಟ.

ಇದನ್ನು ನನಗೆ ಸರಿಯಾಗಿ ಕಲಿಸಿದ್ದು ಪುಸ್ತಕವಲ್ಲ, ಒಬ್ಬ ತಂದೆ. ರಾತ್ರಿ ಹನ್ನೊಂದಕ್ಕೆ ತುರ್ತು ವಿಭಾಗಕ್ಕೆ ಬಂದಿದ್ದರು. ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರು ಡೈಪರ್ ಮುಟ್ಟಿ ನೋಡಿ, "ತುಂಬಿದೆಯಲ್ಲ, ಮಗು ಒಣಗಿಲ್ಲ, ಮನೆಗೆ ಹೋಗಿ ಓಆರ್‌ಎಸ್ ಕೊಡಿ" ಎಂದರಂತೆ. ತಂದೆ ಜಗಳವಾಡಲಿಲ್ಲ. ಜೇಬಿನಿಂದ ಮಡಿಚಿದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ನಿನ್ನೆ ಬೆಳಗ್ಗೆ 11.80, ರಾತ್ರಿ 11.45, ಇವತ್ತು ಮಧ್ಯಾಹ್ನ 11.10, ಈಗ 10.85. ಕೆಳಗೆ ಎರಡು ಗೆರೆ ಎಳೆದಿದ್ದರು. ಒಂದೂವರೆ ದಿನದಲ್ಲಿ ಸುಮಾರು ಒಂದು ಕೆ.ಜಿ.! ಹತ್ತು ನಿಮಿಷದಲ್ಲಿ ಡ್ರಿಪ್ ಶುರುವಾಯಿತು.

ಓಆರ್‌ಎಸ್ ಒಳ್ಳೆಯದೇ, ನಿಲ್ಲಿಸಬೇಡಿ. ಆದರೆ ಅದರ ಅಳತೆ ತಿಳಿದಿರಲಿ. 2002ರಿಂದ ಬಳಕೆಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಸೋಡಿಯಂ 75, ಪೊಟ್ಯಾಸಿಯಂ 20 ಮಿಲಿಮೋಲ್ ಇರುತ್ತದೆ. ಕರುಳಿನಿಂದ ಹೋಗುವುದನ್ನು ತುಂಬಲು ಮಾಡಿದ ಅಳತೆ ಅದು, ಕಿಡ್ನಿ ಸುಮ್ಮನಿರುತ್ತದೆ ಎಂಬ ನಂಬಿಕೆಯ ಮೇಲೆ. ನಿಮ್ಮ ಮಗನಲ್ಲಿ ಕರುಳು ಒಂದು ಕಡೆ, ಕಿಡ್ನಿ ಇನ್ನೊಂದು ಕಡೆ, ಎರಡೂ ಸೋರುತ್ತಿರುತ್ತವೆ. ಮೇಲಾಗಿ ವಾಂತಿಯಲ್ಲಿ ದಿನದ ಔಷಧವೂ ಹೋಗುತ್ತದೆ. ಬೇರೆ ಮಕ್ಕಳ ಮನೆಯವರಿಗೆ "ಒಂದು ದಿನ ನೋಡಿ" ಎನ್ನುವ ನಾನು ಬಾರ್ಟರ್ ಮಕ್ಕಳ ಮನೆಯವರಿಗೆ ಹೇಳುವುದು ಬೇರೆ. ಮೂರು ಸಲ ವಾಂತಿಯಾಗಿ ಎರಡು ಡೋಸ್ ನಿಲ್ಲದಿದ್ದರೆ, ಮಗು ಮಂಕಾದರೆ, ಕೈಕಾಲು ಜೋಲುಬಿದ್ದರೆ, ತೂಕದ ಅಂಕಿಗೂ ಕಾಯದೆ ಹೊರಟುಬಿಡಿ.

ಆಸ್ಪತ್ರೆಗೆ ಒಯ್ಯಲು ಒಂದು ಹಾಳೆಯ ಪತ್ರ ಬರೆಸಿಟ್ಟುಕೊಳ್ಳಿ. ಅದರಲ್ಲಿ ಕಾಯಿಲೆಯ ಹೆಸರು, ಮಗನ ಮಾಮೂಲಿ ಸೋಡಿಯಂ ಪೊಟ್ಯಾಸಿಯಂ ಅಂಕಿಗಳು, ಈಗಿನ ಔಷಧಗಳು, ನಿಮ್ಮ ತಜ್ಞರ ಫೋನ್ ನಂಬರ್ ಇರಲಿ. ಮೇಲ್ಗಡೆ ದಪ್ಪಕ್ಷರದಲ್ಲಿ "ಮೂತ್ರ ಹೋಗುತ್ತಿದ್ದರೂ ಈ ಮಗು ಒಣಗಿರಬಹುದು" ಎಂದಿರಲಿ. ಯಾವ ಡ್ರಿಪ್ ಎಂಬುದನ್ನೂ ಬರೆಸಿ. ಉಪ್ಪು ಸೋರುವ ಬಾರ್ಟರಿನಲ್ಲಿ ಸಾಮಾನ್ಯವಾಗಿ ಸಲೈನ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್. ಸೋಡಿಯಂ ಏರಿ ಮೂತ್ರ ತೆಳ್ಳಗಿರುವ ಮಗುವಿಗೆ ಸಲೈನ್ ಏರಿಸುತ್ತಾ ಹೋದರೆ ಮೇಲೆ ಹೇಳಿದ ಮೂರು ಲೀಟರಿನ ಲೆಕ್ಕ ತಲೆಯೆತ್ತುತ್ತದೆ. ರಕ್ತಸಂಚಾರ ಕುಸಿದು ಮಗು ಶಾಕ್‌ಗೆ ಹೋಗಿದ್ದರೆ ಯಾರಿಗಾದರೂ ಮೊದಲು ಸಲೈನೇ, ಅದರಲ್ಲಿ ಎರಡು ಮಾತಿಲ್ಲ. ಅದು ದಾಟಿದ ಮೇಲೆ ಸೋಡಿಯಂ ರಿಪೋರ್ಟ್ ನೋಡಿ ದ್ರವ ಬದಲಿಸಬೇಕು. ಏರಿದ ಸೋಡಿಯಂ ದಿನಕ್ಕೆ 10ರಿಂದ 12ಕ್ಕಿಂತ ಹೆಚ್ಚು ಇಳಿಯಬಾರದು, ಅವಸರ ಮಾಡಿದರೆ ಮಿದುಳು ಊದಿಕೊಳ್ಳುತ್ತದೆ. ವಾಂತಿ ನಿಲ್ಲಿಸುವ ಆಂಡನ್ಸೆಟ್ರಾನ್, ಆ್ಯಂಟಿಬಯಾಟಿಕ್‌ಗಳಲ್ಲಿ ಅಜಿಥ್ರೊಮೈಸಿನ್, ಇಂಥವು ಪೊಟ್ಯಾಸಿಯಂ ತಗ್ಗಿರುವಾಗ ಹೃದಯದ ಲಯ ತಪ್ಪಿಸಬಹುದು. ಕೊಡಲೇಬಾರದೆಂದಲ್ಲ, ಇಸಿಜಿ ನೋಡಿಕೊಂಡು ಕೊಡಬೇಕು ಎಂದು ಪತ್ರದಲ್ಲಿರಲಿ. ಯಾವುದೇ ಆಪರೇಷನ್ನಿಗೆ ಖಾಲಿ ಹೊಟ್ಟೆಯಲ್ಲಿರಿಸಬೇಕಾದರೂ ಉಪವಾಸದ ಮೊದಲ ಗಂಟೆಯಿಂದಲೇ ಡ್ರಿಪ್ ಬೇಕು.

ಇದನ್ನು ಬೇರೆ ಕಿಡ್ನಿ ಕಾಯಿಲೆಯ ಮಕ್ಕಳ ತಂದೆತಾಯಿಯರೂ ಓದುತ್ತೀರಿ, ಆದ್ದರಿಂದ ಒಂದು ಮಾತು. ಇಲ್ಲಿನ ಉಪ್ಪು, ಸಿರಪ್ಪುಗಳನ್ನು ನಿಮ್ಮ ಮಗುವಿಗೆ ಎತ್ತಿಕೊಳ್ಳಬೇಡಿ. ಡಿಸ್ಟಲ್ ರೀನಲ್ ಟ್ಯೂಬ್ಯುಲರ್ ಅಸಿಡೋಸಿಸ್ ಎಂಬ ಇನ್ನೊಂದು ನಾಳದ ಕಾಯಿಲೆ ಇರುವ ಮಗುವಿನ ರಕ್ತ ಆಮ್ಲ. ನಾನು ಇಲ್ಲಿ ಬೇಡವೆಂದ ಸಿಟ್ರೇಟೇ ಅಲ್ಲಿ ಮುಖ್ಯ ಔಷಧ. ಸಿಸ್ಟಿನೋಸಿಸ್ ಮಕ್ಕಳಲ್ಲಿ ಫಾಸ್ಫೇಟ್, ಬೈಕಾರ್ಬೊನೇಟ್ ಎಲ್ಲವೂ ಸೋರುತ್ತವೆ, ಜೊತೆಗೆ ಸಿಸ್ಟಿಯಮೀನ್ ಎಂಬ ಔಷಧ ಬೇಕು. ಬಾರ್ಟರಿನ ಹತ್ತಿರದ ಕಾಯಿಲೆಯಾದ ಗಿಟೆಲ್ಮನ್ ಸಿಂಡ್ರೋಮಿನಲ್ಲಿ ಮೆಗ್ನೀಸಿಯಂ ತುಂಬದೆ ಪೊಟ್ಯಾಸಿಯಂ ಏರುವುದೇ ಕಷ್ಟ.

ಶಾಲೆಯಲ್ಲಿ ನೀರಿನ ಬಾಟಲಿ ಮೇಜಿನ ಮೇಲಿರಲು, ಕೇಳದೆ ಶೌಚಾಲಯಕ್ಕೆ ಹೋಗಲು ಅನುಮತಿ ಬೇಕು. ಮೂತ್ರ ಕಟ್ಟಿಕೊಂಡು ಕೂತರೆ ಚೀಲ ಹಿಗ್ಗಿ ಒತ್ತಡ ಕಿಡ್ನಿಯವರೆಗೂ ಹೋಗುತ್ತದೆ. ಎರಡು ಗಂಟೆಗೊಮ್ಮೆ ಹೋಗುವುದು ರೂಢಿಯಾಗಲಿ. ಟೈಪ್ 1ರಲ್ಲಿ ಕಿಡ್ನಿಯೊಳಗೆ ಕ್ಯಾಲ್ಸಿಯಂ ಕೂರುವುದು ಸಾಮಾನ್ಯ, ಅದಕ್ಕೆ ನಿಯಮಿತವಾಗಿ ಅಲ್ಟ್ರಾಸೌಂಡ್ ಮಾಡಿಸುತ್ತಿರಿ. ಮೂತ್ರದ ಕ್ಯಾಲ್ಸಿಯಂ ತಗ್ಗಿಸಲೆಂದು ಯಾರಾದರೂ ಥಯಜೈಡ್ ಎಂಬ ಮೂತ್ರ ಹೆಚ್ಚಿಸುವ ಮಾತ್ರೆ ಸೂಚಿಸಿದರೆ ನಿಮ್ಮ ತಜ್ಞರನ್ನು ಕೇಳದೆ ಕೊಡಬೇಡಿ. ಒಂದು ಕಡೆ ಸೋರುವ ನಾಳಕ್ಕೆ ಇನ್ನೊಂದು ತೂತು ಕೊರೆದಂತಾಗುತ್ತದೆ. ಕೆಲವರಲ್ಲಿ ವರ್ಷಗಳು ಕಳೆದಂತೆ ಕಿಡ್ನಿಯ ಶಕ್ತಿ ಕುಗ್ಗುತ್ತದೆ, ಆದರೆ ಡಯಾಲಿಸಿಸ್‌ವರೆಗೆ ಹೋಗುವವರು ಕಡಿಮೆ.

ಇನ್ನೊಂದು ಮಗುವಿನ ವಿಷಯ. ಈ ಕಾಯಿಲೆ ಬರಲು ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿಗಳು ಸೇರಬೇಕು. ನಿಮ್ಮಿಬ್ಬರಲ್ಲೂ ತಲಾ ಒಂದು ಕೆಟ್ಟದ್ದು, ಒಂದು ಒಳ್ಳೆಯದು ಇದೆ, ಅದಕ್ಕೇ ನಿಮಗಿಬ್ಬರಿಗೂ ಏನೂ ಇಲ್ಲ. ಪ್ರತಿ ಬಸಿರಿನಲ್ಲೂ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ 25. ಮೊದಲನೆಯದಕ್ಕೆ ಬಂದಾಯಿತು, ಇನ್ನು ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಪ್ರತಿಸಲವೂ ಚೀಟಿ ಹೊಸದಾಗಿ ಎತ್ತಿದಂತೆ. ಮಗನ ಜೀನ್ ರಿಪೋರ್ಟಿನ ಮೂಲಪ್ರತಿ ಜೋಪಾನವಾಗಿರಲಿ. ಗರ್ಭ ನಿಲ್ಲುವ ಮುನ್ನವೇ ಅದನ್ನು ಹಿಡಿದು ಜೆನೆಟಿಕ್ ಸಲಹೆಗಾರರನ್ನು ಕಂಡರೆ ಯಾವ ಪರೀಕ್ಷೆಗಳು ಸಾಧ್ಯ, ಯಾವುದಕ್ಕೆ ಎಷ್ಟು ಅಪಾಯ ಎಂದು ನಿಮ್ಮಿಬ್ಬರಿಗೂ ಕೂರಿಸಿ ಹೇಳುತ್ತಾರೆ. ಪರೀಕ್ಷೆ ಬೇಡ ಎಂದು ನೀವು ತೀರ್ಮಾನಿಸಿದರೆ ಅದೂ ನಿಮ್ಮ ಹಕ್ಕು. ಹಾಗಿದ್ದಲ್ಲಿ ಹೆರಿಗೆ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಮಗನ ಕಾಯಿಲೆ ತಿಳಿಸಿ. ಐದಾರು ತಿಂಗಳಿಂದಾಚೆ ಸ್ಕ್ಯಾನ್‌ಗಳಲ್ಲಿ ಗರ್ಭನೀರಿನ ಅಳತೆ ನೋಡುತ್ತಿರಲಿ. ನೀರು ಹೆಚ್ಚಿದ್ದರೆ ನವಜಾತ ಶಿಶು ಐಸಿಯು ಇರುವ ಕಡೆಯೇ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಿ. ಕೂಸನ್ನು ಹುಟ್ಟಿದ ದಿನದಿಂದಲೇ ತೂಗಿ, ರಕ್ತದ ಸೋಡಿಯಂ ಪೊಟ್ಯಾಸಿಯಂ ನೋಡಲು ಮಕ್ಕಳ ಡಾಕ್ಟರಿಗೆ ಮುಂಚಿತವಾಗಿಯೇ ಹೇಳಿಡಿ.